ನಮ್ಮ ಓನರ್ ಡಿಗ್ರಿ ಮಾಡಿದ ಕಥೆ

ಬೆಂಗಳೂರಲ್ಲಿ ನಾನು ನೋಡಿದ ಓನರ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಹತ್ತು ತಿಂಗಳ ಅಡ್ವಾನ್ಸ್, ರಾತ್ರಿ ಹತ್ತರ ಮೇಲೆ ಗೇಟ್‌ಗೆ ಬೀಗ, ನೀರು ಜಾಸ್ತಿ ಬಿಡಬೇಡಿ ಅನ್ನೋ ಭಾಷಣ. ಹಾಗಾಗಿ 2023ರ ಅಕ್ಟೋಬರ್‌ನಲ್ಲಿ ಒಂದು ವರ್ಷದ ಪ್ರಾಜೆಕ್ಟ್ ಮೇಲೆ ವೇಲ್ಸ್‌ಗೆ ಹೋದಾಗ, ಅಲ್ಲಿನ ಓನರ್ ಬಗ್ಗೆಯೂ ನನಗೆ ದೊಡ್ಡ ನಿರೀಕ್ಷೆ ಇರಲಿಲ್ಲ.

ಆಫೀಸ್ ಇದ್ದದ್ದು ಕಾರ್ಡಿಫ್‌ನಲ್ಲಿ. ಅಲ್ಲಿನ ಬಾಡಿಗೆ ಕೇಳಿ ತಲೆ ತಿರುಗಿ, ರೈಲಲ್ಲಿ ಅರ್ಧ ಗಂಟೆ ದೂರದ ಪಾಂಟಿಪ್ರೀದ್ ಅನ್ನೋ ಊರಲ್ಲಿ ಒಂದು ರೂಮ್ ಹಿಡಿದೆ. ಊರಿನವರು ಪ್ರೀತಿಯಿಂದ 'ಪಾಂಟಿ' ಅಂತಾರೆ. ಬಾಗಿಲು ತೆಗೆದವರಿಗೆ ಐವತ್ತೇಳು ವರ್ಷ. ಬಾಗಿಲಿನಷ್ಟೇ ಅಗಲ, ಕತ್ತು ಅನ್ನೋದು ಇದೆಯೋ ಇಲ್ಲವೋ ಅನ್ನೋ ಹಾಗೆ. ಎರಡೂ ಕಿವಿ ಮುದುಡಿಕೊಂಡು ಹೂಕೋಸಿನ ಥರ ಆಗಿದ್ದವು. ಮೈಸೂರಿನ ಗರಡಿ ಮನೆಯ ಹಳೇ ಪೈಲ್ವಾನರ ಕಿವಿ ನೋಡಿದ್ದರೆ ನಿಮಗೆ ಗೊತ್ತಾಗುತ್ತೆ.

"ಆಲ್‌ರೈಟ್, ಬಟ್?" ಅಂದರು.

'ಬಟ್' ಅಂದಮೇಲೆ ಇನ್ನೇನೋ ಹೇಳ್ತಾರೆ ಅಂತ ನಾನು ಸೂಟ್‌ಕೇಸ್ ಹಿಡಿದು ಕಾಯ್ತಾ ನಿಂತೆ. ಅವರೂ ನಿಂತರು. ಆ ಕಣಿವೆಗಳ ಕಡೆ 'ಬಟ್' ಅಂದರೆ ಗೆಳೆಯ, ನಮ್ಮ 'ಮಗಾ', 'ಗುರೂ' ಇದ್ದ ಹಾಗೆ ಅಂತ ತಿಳಿಯೋಕೆ ಎರಡು ದಿನ ಹಿಡಿಯಿತು.

ನನಗೆ ಆಶ್ಚರ್ಯವಾಗಿದ್ದು ಅಡುಗೆಮನೆ. ಊಟದ ಟೇಬಲ್ ಅರ್ಧ ಮಾತ್ರ ಊಟಕ್ಕೆ. ಇನ್ನರ್ಧದಲ್ಲಿ ಲ್ಯಾಪ್‌ಟಾಪ್, ಪುಸ್ತಕದ ರಾಶಿ, ಎಲ್ಲೆಲ್ಲೂ ಹಳದಿ ಚೀಟಿ. ಮಗಳ ಪುಸ್ತಕವಿರಬೇಕು ಅಂದುಕೊಂಡೆ. ಮಗಳು ಕೆಲಸಕ್ಕೆ ಸೇರಿ ಬೇರೆ ಊರಲ್ಲಿದ್ದಳು. ಓದ್ತಾ ಇದ್ದದ್ದು ಓನರ್. ಓಪನ್ ಯೂನಿವರ್ಸಿಟಿಯಲ್ಲಿ ಇತಿಹಾಸದಲ್ಲಿ ಬಿ.ಎ., ಕೊನೇ ವರ್ಷ.

ಅವರ ಕಥೆ ನನಗೆ ಕಂತು ಕಂತಾಗಿ ಸಿಕ್ಕಿತು. ಹದಿನಾರಕ್ಕೆ ಸ್ಕೂಲ್ ಬಿಟ್ಟವರು. ಬಿಡುವಾಗ ಮೇಷ್ಟ್ರೊಬ್ಬರು, "ನಿನ್ನ ಕೈಗೆ ಪೆನ್ನಿಗಿಂತ ಸಲಿಕೆ ಒಪ್ಪುತ್ತೆ" ಅಂದಿದ್ದರಂತೆ. 1982ರಲ್ಲಿ ಅಪ್ಪನ ಹಿಂದೆಯೇ ಕಲ್ಲಿದ್ದಲು ಗಣಿಗೆ ಇಳಿದರು. ಎರಡು ವರ್ಷಕ್ಕೆ, 1984ರ ಮಾರ್ಚ್‌ನಲ್ಲಿ, ಆ ದೊಡ್ಡ ಗಣಿ ಮುಷ್ಕರ. ಒಂದು ವರ್ಷ ಸಂಬಳವಿಲ್ಲ. 1985ರ ಮಾರ್ಚ್‌ನಲ್ಲಿ ಸೋತು ಕೆಲಸಕ್ಕೆ ವಾಪಸ್. ಆಮೇಲೆ ಗಣಿಗಳು ಒಂದಾದ ಮೇಲೊಂದು ಮುಚ್ಚಿದವು, ಇವರದ್ದೂ ಮುಚ್ಚಿತು. ಬ್ರೆಡ್ ವ್ಯಾನ್ ಓಡಿಸಿದರು, ಗೋಡೌನ್ ಕಾದರು, ಕೊನೆಗೆ ಒಂದು ಸ್ಕೂಲಿನಲ್ಲಿ ಕೇರ್‌ಟೇಕರ್ ಆದರು. ಇಷ್ಟರ ನಡುವೆ ಬದಲಾಗದೇ ಇದ್ದದ್ದು ಒಂದೇ: ಶನಿವಾರದ ರಗ್ಬಿ. ಒಂಬತ್ತನೇ ವಯಸ್ಸಿಗೆ ಶುರು, ಮೂವತ್ತೆಂಟರವರೆಗೆ ಹಳ್ಳಿ ಕ್ಲಬ್ಬಿನ ಟೀಮಿನಲ್ಲಿ 'ಪ್ರಾಪ್'.

ಪ್ರಾಪ್ ಅಂದರೇನು ಅಂತ ಕೇಳಿದ್ದು ನನ್ನ ತಪ್ಪು. ಉಪ್ಪಿನ ಡಬ್ಬಿ, ಕಪ್ಪು, ಚಮಚ, ನನ್ನ ಮೊಬೈಲು ಎಲ್ಲ ಟೇಬಲ್ ಮೇಲೆ ಆಟಗಾರರಾದವು. ಒಂದು ಟೀಮಿಗೆ 15 ಜನ. ಮುಂದಿನ 8 ಜನ ಭಾರದವರು, ಹಿಂದಿನ 7 ಜನ ಓಟದವರು. ಸ್ಕ್ರಮ್ ಅಂದರೆ ಎಂಟು ಜನರ ಎರಡು ಗುಂಪು ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು ಒಬ್ಬರನ್ನೊಬ್ಬರು ತಳ್ಳೋದು. ಅದರ ಮುಂದಿನ ಸಾಲಿನಲ್ಲಿ ಮೂರು ಜನ. ನಡುವಿನವನು ಹುಕ್ಕರ್, ಎರಡು ಪಕ್ಕದ ಕಂಬಗಳು ಪ್ರಾಪ್. "ಹಿಂದಿನಿಂದ ಐದು ಜನ ತಳ್ತಾರೆ, ಮುಂದಿನಿಂದ ಎಂಟು ಜನ ತಳ್ತಾರೆ, ನಡುವೆ ನನ್ನ ತಲೆ" ಅಂದರು. ಚೆಂಡನ್ನು ಗೆರೆಯಾಚೆ ನೆಲಕ್ಕೆ ಒತ್ತಿದರೆ 'ಟ್ರೈ', 5 ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೂ 2. ಚೆಂಡು ಹಿಡಿದು ಮುಂದಕ್ಕೆ ಓಡಬಹುದು, ಒದೆಯಬಹುದು, ಆದರೆ ಕೈಯಲ್ಲಿ ಪಾಸ್ ಮಾಡೋದು ಮಾತ್ರ ಮುಂದಕ್ಕೆ ಮಾಡೋ ಹಾಗಿಲ್ಲ.

"ಹಿಂದಕ್ಕೆ ಕೊಡ್ತಾ ಕೊಡ್ತಾ ಮುಂದಕ್ಕೆ ಹೋಗೋ ಆಟ, ಚೆನ್ನಾಗಿದೆ. ನಿಮ್ಮ ಓದಿನ ಥರ" ಅಂದೆ. ನನಗೇನೋ ದೊಡ್ಡ ಮಾತು ಹೇಳಿದ ಖುಷಿ.

"ಅದನ್ನೆಲ್ಲ ನಿನ್ನ ಲಿಂಕ್ಡ್‌ಇನ್‌ಗೆ ಇಟ್ಕೋ" ಅಂದರು.

ನಾನು ಅಲ್ಲಿಗೆ ಹೋದ ಹೊಸದರಲ್ಲೇ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ವೇಲ್ಸ್ ಅರ್ಜೆಂಟೀನಾ ಎದುರು ಸೋತಿತು. ಅದಕ್ಕೆ ಒಂದು ವಾರ ಮುಂಚೆ ಜಾರ್ಜಿಯಾ ವಿರುದ್ಧ ಗೆದ್ದಿತ್ತು. ನಮ್ಮ ಕಡೆ ಇದಕ್ಕೆ 'ಕಾಲುಗುಣ' ಅಂತಾರೆ ಅಂತ ತಮಾಷೆಗೆ ಹೇಳಿಬಿಟ್ಟೆ. ಆ ಪದ ಅವರಿಗೆ ಎಷ್ಟು ಹಿಡಿಸಿತು ಅಂದರೆ, ಮುಂದೆ ಹಾಲು ಉಕ್ಕಿದರೂ ರೈಲು ಲೇಟ್ ಆದರೂ "ಕಾಲುಗುನಾ" ಅಂತ ನನ್ನ ಕಡೆ ಬೆರಳು ತೋರಿಸೋರು.

ಪ್ರತಿಯಾಗಿ ನನಗೂ ಒಂದು ಕಥೆ ಸಿಕ್ಕಿತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಪ್ರತಿವರ್ಷ ಒಂದು ಕಪ್‌ಗಾಗಿ ರಗ್ಬಿ ಆಡ್ತವೆ, ಅದರ ಹೆಸರು ಕಲ್ಕತ್ತಾ ಕಪ್. 1873ರಲ್ಲಿ ಕಲ್ಕತ್ತಾದ ಬ್ರಿಟಿಷರು ಒಂದು ರಗ್ಬಿ ಕ್ಲಬ್ ಶುರು ಮಾಡಿದ್ದರು. ಕೆಲವೇ ವರ್ಷಕ್ಕೆ ಜನ ಕಡಿಮೆಯಾದರು. ಕ್ಲಬ್ಬಿನಲ್ಲಿ ಪುಕ್ಕಟೆ ಕುಡಿಯೋಕೆ ಕೊಡೋದು ನಿಲ್ಲಿಸಿದ್ದೇ ಕಾರಣ ಅಂತಲೂ ಹೇಳ್ತಾರೆ. 1878ರಲ್ಲಿ ಬಾಗಿಲು ಹಾಕುವಾಗ ಬ್ಯಾಂಕಿನಲ್ಲಿ ಉಳಿದ 270 ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಕಪ್ ಮಾಡಿಸಿ ಇಂಗ್ಲೆಂಡಿಗೆ ಕಳಿಸಿದರು. ಮೂರು ಹಿಡಿಗಳು ನಾಗರಹಾವಿನ ಆಕಾರ, ಮುಚ್ಚಳದ ಮೇಲೆ ಆನೆ. 1879ರಿಂದ ಅದಕ್ಕಾಗಿ ಆಡ್ತಾ ಇದಾರೆ. "ನಿಮ್ಮ ರೂಪಾಯಿ, ಅವರ ಕಪ್. ನನ್ನ ಎರಡನೇ ವರ್ಷದ ಒಂದು ಪ್ರಬಂಧದಲ್ಲಿ ಹಾಕಿದ್ದೆ" ಅಂದರು ಓನರ್.

ಓಪನ್ ಯೂನಿವರ್ಸಿಟಿ ಬಗ್ಗೆ ಒಂದು ಮಾತು. 1969ರಲ್ಲಿ ಶುರುವಾಗಿ, 1971ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ತಗೊಂಡ ಸಂಸ್ಥೆ ಅದು. ಡಿಗ್ರಿಗೆ ಸೇರೋಕೆ ಹಿಂದಿನ ಮಾರ್ಕ್ಸ್ ಕಾರ್ಡ್ ಕೇಳೋದಿಲ್ಲ. ಆನರ್ಸ್ ಡಿಗ್ರಿಗೆ 360 ಕ್ರೆಡಿಟ್. ಕೆಲಸ ಮಾಡ್ತಾ ವರ್ಷಕ್ಕೆ 60ರ ಹಾಗೆ ಓದಿದರೆ ಆರು ವರ್ಷ. ಸರ್ಕಾರದೊಳಗೆ ಇದರ ಬೆನ್ನು ಹತ್ತಿ ನಿಂತ ಮಂತ್ರಿ ಜೆನ್ನಿ ಲೀ, ಸ್ಕಾಟ್ಲೆಂಡಿನ ಗಣಿ ಕಾರ್ಮಿಕನ ಮಗಳು. ಆಕೆಯ ಗಂಡ ಅನೈರಿನ್ ಬೆವನ್, ವೇಲ್ಸ್‌ನ ಇದೇ ಕಣಿವೆಗಳ ಕಡೆಯವನು. ಹದಿಮೂರಕ್ಕೆ ಗಣಿಗೆ ಇಳಿದು, ಗಣಿಯವರು ತಮ್ಮ ಕೂಲಿಯಲ್ಲಿ ಚಿಲ್ಲರೆ ಕೂಡಿಸಿ ಕಟ್ಟಿದ ಲೈಬ್ರರಿಯಲ್ಲಿ ಓದಿ ಬೆಳೆದು, 1948ರಲ್ಲಿ ಬ್ರಿಟನ್ನಿಗೆ ಉಚಿತ ವೈದ್ಯಸೇವೆ ತಂದ ಆರೋಗ್ಯ ಮಂತ್ರಿ. ಓನರ್ ತಮ್ಮ ಕೊನೇ ವರ್ಷದ ದೊಡ್ಡ ಪ್ರಬಂಧಕ್ಕೆ ಆರಿಸಿಕೊಂಡಿದ್ದು ಆ ಲೈಬ್ರರಿಗಳನ್ನೇ. ಒಂದೊಂದು ಗಣಿ ಊರಲ್ಲೂ ಒಂದು ಇತ್ತು. ಗಣಿ ಮುಚ್ಚಿದ ಮೇಲೆ ಪುಸ್ತಕಗಳು ಎಲ್ಲೆಲ್ಲೋ ಹೋದವು. ಉಳಿದಿದ್ದನ್ನು ಕೂಡಿಸಿ ಇಡೋಕೆ ಅಂತಲೇ 1973ರಲ್ಲಿ ಸ್ವಾನ್‌ಸಿಯಲ್ಲಿ ಒಂದು ಗ್ರಂಥಾಲಯ ಶುರುವಾಯಿತು. ಓನರ್ ರಜೆ ಹಾಕಿ ಅಲ್ಲಿಗೆ ಹೋಗಿ ನೋಟ್ಸ್ ಮಾಡಿಕೊಂಡು ಬರೋರು. "ನನ್ನ ತಾತ ಓದಿದ ಪುಸ್ತಕ ಅಲ್ಲಿರಬಹುದು. ನಾನು ಓದದೇ ಇದ್ದದ್ದು ಪಕ್ಕಾ ಇದೆ" ಅಂತಿದ್ದರು.

ಡಿಸೆಂಬರ್‌ನಲ್ಲಿ ಒಂದು ಭಾನುವಾರ ಅಮ್ಮನ ವಿಡಿಯೋ ಕಾಲ್ ಬಂದಾಗ ನಾನು ಅದೇ ಟೇಬಲ್‌ನಲ್ಲಿದ್ದೆ. ಹಿಂದೆ ಓನರ್ ಕನ್ನಡಕ ಮೂಗಿನ ತುದಿಗಿಟ್ಟು ಬರೀತಿದ್ದರು.

"ಅವರೇನೋ ಬರೀತಿರೋದು?" ಅಂದರು ಅಮ್ಮ.

"ಬಿ.ಎ. ಓದ್ತಿದಾರಮ್ಮ."

"ಎಷ್ಟು ವಯಸ್ಸು ಅವರಿಗೆ?"

"ಐವತ್ತೇಳು."

"ಓ" ಅಂದು ಸುಮ್ಮನಾದರು. ಆಮೇಲೆ ಊಟ ಆಯ್ತಾ, ಚಳಿ ಎಷ್ಟಿದೆ ಅಂತ ಮಾತು ಬದಲಾಯಿತು.

ಆ 'ಓ' ನನಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಅಮ್ಮನದು ಪಿಯುಸಿ ಪಾಸ್, ಅದೇ ವರ್ಷ ಮದುವೆ. ಅಪ್ಪ ರಿಟೈರ್ ಆದ ಮೇಲೆ ಎರಡು ಸಲ ನನ್ನನ್ನು ಕೇಳಿದ್ದರು, ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕೋದು ಹೇಗೆ ನೋಡು ಅಂತ. ಮೊದಲ ಸಲ "ಆಯ್ತಮ್ಮ" ಅಂದು ಮರೆತೆ. ಎರಡನೇ ಸಲ, "ಈಗ ಯಾಕಮ್ಮ ಇದೆಲ್ಲ, ಆರಾಮಾಗಿರು" ಅಂದೆ. ಮೂರನೇ ಸಲ ಅವರು ಕೇಳಲಿಲ್ಲ. ದಿನಕ್ಕೆ ಹತ್ತು ಫಾರ್ಮ್ ಆನ್‌ಲೈನಲ್ಲಿ ತುಂಬೋ ನನಗೆ ಅದು ಅರ್ಧ ಗಂಟೆಯ ಕೆಲಸ.

ಈಗ 2024ರ ಫೆಬ್ರವರಿ 3ರ ಶನಿವಾರಕ್ಕೆ ಬರ್ತೀನಿ. ಸಿಕ್ಸ್ ನೇಷನ್ಸ್‌ನಲ್ಲಿ ವೇಲ್ಸ್ ಮೊದಲ ಪಂದ್ಯ, ಕಾರ್ಡಿಫ್‌ನಲ್ಲಿ, ಸ್ಕಾಟ್ಲೆಂಡ್ ಎದುರು. ಕಾರ್ಡಿಫ್ ಸ್ಟೇಡಿಯಂ ಊರಾಚೆ ಎಲ್ಲೋ ಇಲ್ಲ. ನಮ್ಮ ಮೆಜೆಸ್ಟಿಕ್ ಥರ ನಡು ಊರಲ್ಲಿದೆ, ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಯುತ್ತೆ. ಮ್ಯಾಚ್ ದಿನ ಪಾಂಟಿಯಿಂದ ಹೋಗೋ ರೈಲಿನ ಬೋಗಿಯೆಲ್ಲ ಕೆಂಪು ಜೆರ್ಸಿ, ಹಾಡು. ಆಟದ ಮುಂಚೆ ರಾಷ್ಟ್ರಗೀತೆ ಹಾಡೋ ಪದ್ಧತಿಗೂ ಕಾರ್ಡಿಫ್‌ನ ಹೆಸರೇ ಹೇಳ್ತಾರೆ. 1905ರ ಡಿಸೆಂಬರ್ 16ರಂದು ನ್ಯೂಜಿಲೆಂಡ್ ಆಟಗಾರರು ತಮ್ಮ ಹಾಕಾ ಮಾಡಿದಾಗ, ಉತ್ತರವಾಗಿ ವೇಲ್ಸ್ ಜನ ತಮ್ಮ ನಾಡಗೀತೆ ಹಾಡಿದರು. 3–0ಯಿಂದ ಗೆದ್ದರು ಕೂಡ. ಆಗ ಟ್ರೈಗೆ 3 ಅಂಕ. ಆ ಗೀತೆಯನ್ನು 1856ರಲ್ಲಿ ಬರೆದವರು ಪಾಂಟಿಪ್ರೀದ್‌ನ ಅಪ್ಪ–ಮಗ: ಮಾತು ಅಪ್ಪನದು, ರಾಗ ಮಗನದು. ಊರಿನ ಪಾರ್ಕಿನಲ್ಲಿ ಅವರ ಸ್ಮಾರಕ ಇದೆ. ಅದರ ಮುಂದೆ ನಿಲ್ಲಿಸಿ ಓನರ್ ನನ್ನ ಫೋಟೋ ತೆಗೆದಿದ್ದರು, ತುಸು ಜಂಬದಿಂದಲೇ.

ಇಂಥ ಮನುಷ್ಯ ಅವತ್ತು ಮ್ಯಾಚ್ ನೋಡೋದಿಲ್ಲ ಅಂದುಬಿಟ್ಟರು. ಗುರುವಾರ ಮಧ್ಯಾಹ್ನದೊಳಗೆ ಅಸೈನ್‌ಮೆಂಟ್ ಕಳಿಸಬೇಕಿತ್ತು, ಅರ್ಧವೂ ಆಗಿರಲಿಲ್ಲ. ಹೆಂಡತಿ ಮತ್ತು ನಾನು ಹಾಲ್‌ನಲ್ಲಿ ಟಿವಿ ಮುಂದೆ, ಅವರು ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು.

ಅರ್ಧ ಆಟಕ್ಕೆ ಸ್ಕಾಟ್ಲೆಂಡ್ 20, ವೇಲ್ಸ್ ಸೊನ್ನೆ. ಬೀದಿ ಸತ್ತಂತಿತ್ತು. ಟೀ ಮಾಡೋಕೆ ಒಳಗೆ ಹೋದಾಗ ತಲೆ ಎತ್ತದೆ, "ಹೇಳಬೇಡ. ಪಕ್ಕದ ಮನೆಯವನು ಒಂದು ಸಲವೂ ಕೂಗಿಲ್ಲ, ಗೊತ್ತಾಯ್ತು" ಅಂದರು. ವಿರಾಮ ಮುಗಿದ ಸ್ವಲ್ಪಕ್ಕೇ 27–0. ಆಮೇಲೆ ಏನಾಯಿತೋ, ವೇಲ್ಸ್ ಒಂದು ಟ್ರೈ ಹೊಡೆಯಿತು. ಎರಡು. ಪಕ್ಕದ ಮನೆಯವನು ಕೂಗಿದ. ಮೂರನೆಯದಕ್ಕೆ ಎದುರುಮನೆಯವರೂ ಕೂಗಿದರು. ಅಡುಗೆಮನೆಯಲ್ಲಿ ಕುರ್ಚಿ ಎಳೆದ ಸದ್ದು, ಮತ್ತೆ ಕೂತ ಸದ್ದು. ನಾಲ್ಕನೇ ಟ್ರೈ ಆಗಿ 27–26 ಅಂತಾದಾಗ ಬಾಗಿಲು ತೆಗೀತು. ಪೆನ್ನು ಕೈಯಲ್ಲೇ ಇತ್ತು. ಕೂರಲಿಲ್ಲ, ಕೊನೆಯ ನಿಮಿಷಗಳನ್ನು ನಿಂತೇ ನೋಡಿದರು. ಸ್ಕೋರು ಬದಲಾಗಲಿಲ್ಲ. ಒಂದೇ ಅಂಕದ ಸೋಲು. ಕಾರ್ಡಿಫ್‌ನಲ್ಲಿ 2002ರ ನಂತರ ಸ್ಕಾಟ್ಲೆಂಡ್‌ಗೆ ಅದೇ ಮೊದಲ ಗೆಲುವು.

"ಕಾಲುಗುನಾ" ಅಂದು ಒಳಗೆ ಹೋಗಿ ರಾತ್ರಿ ಒಂದರವರೆಗೆ ಬರೆದರು.

ಮರುದಿನ ಬೆಳಗ್ಗೆ ಟೋಸ್ಟ್‌ಗೆ ಬೆಣ್ಣೆ ಹಚ್ಚುತ್ತಾ, "ಇವತ್ತು ಮ್ಯಾಚ್ ಎಷ್ಟು ಹೊತ್ತಿಗೆ?" ಅಂತ ಕೇಳಿದರು.

ಹೆಂಡತಿ ಕಪ್ಪನ್ನು ಕೆಳಗಿಟ್ಟರು. ನಾನು ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಎರಡು ಮೂರು ಸೆಕೆಂಡ್ ಆದಮೇಲೆ "ತಮಾಷೆಗೆ ಅಂದೆ" ಅಂದರು. ತಮಾಷೆ ಮಾಡಿದವರ ಮುಖ ಅದಾಗಿರಲಿಲ್ಲ.

ಆ ಹಳದಿ ಚೀಟಿಗಳನ್ನು ನಾನು ಅವತ್ತು ಮೊದಲ ಸಲ ಸರಿಯಾಗಿ ಓದಿದೆ. ಅರ್ಧ ಪಾಠದ್ದು. ಇನ್ನರ್ಧ: 'ಗ್ಯಾಸ್ ನೋಡು'. 'ಮಂಗಳವಾರ ಕಸ'. 'ಮಗಳಿಗೆ ಫೋನ್ ಮಾಡಿದೆ – ಶುಕ್ರವಾರ'.

ಸಂಜೆ ವಾಕ್ ಹೋದಾಗ ಅವರೇ ಹೇಳಿದರು. ಓದೋಕೆ ಶುರು ಮಾಡಿದ್ದು 2018ರಲ್ಲಿ, ಇತಿಹಾಸದ ಹುಚ್ಚಿಗೆ. 2020ರ ಡಿಸೆಂಬರ್‌ನಲ್ಲಿ ಒಂದು ಸುದ್ದಿ ಬಂತು. 2003ರಲ್ಲಿ ಇಂಗ್ಲೆಂಡಿಗೆ ವಿಶ್ವಕಪ್ ಗೆದ್ದ ತಂಡದ ಹುಕ್ಕರ್ ಸ್ಟೀವ್ ಥಾಂಪ್ಸನ್, ತನಗೆ ಮರೆವಿನ ರೋಗ ಶುರುವಾಗಿದೆ, ಆ ಫೈನಲ್ ಗೆದ್ದದ್ದೇ ನೆನಪಿಲ್ಲ ಅಂತ ಹೇಳಿದ. ವಯಸ್ಸು 42. ಜೊತೆಗೆ ವೇಲ್ಸ್‌ಗೆ ಆಡಿದ ಅಲಿಕ್ಸ್ ಪೋಪಮ್, ಆತನಿಗೆ ಇನ್ನೂ ಸುಮಾರು ನಲವತ್ತು. ವರ್ಷಗಟ್ಟಲೆ ತಲೆಗೆ ಬಿದ್ದ ಏಟುಗಳೇ ಕಾರಣ ಅಂತ ಅವರೆಲ್ಲ ರಗ್ಬಿ ಆಡಳಿತ ಸಂಸ್ಥೆಗಳ ಮೇಲೆ ಕಾನೂನು ಹೋರಾಟಕ್ಕೆ ಇಳಿದರು. ಆಮೇಲೆ ನೂರಾರು ಹಳೇ ಆಟಗಾರರು ಸೇರಿಕೊಂಡರು.

"ನಾನು ಅವರಷ್ಟು ದೊಡ್ಡ ಆಟಗಾರ ಅಲ್ಲ. ಆದರೆ ಇಪ್ಪತ್ತೊಂಬತ್ತು ವರ್ಷ ಆಡಿದೀನಿ. ನಮ್ಮ ಕಾಲದಲ್ಲಿ ತಲೆ ಸುತ್ತಿ ಬಿದ್ದರೆ ಒಬ್ಬ ಬಕೆಟ್ ಹಿಡಿದು ಓಡಿ ಬರ್ತಿದ್ದ, ತಣ್ಣೀರಲ್ಲಿ ಅದ್ದಿದ ಸ್ಪಾಂಜ್ ಮುಖಕ್ಕೆ ಒತ್ತುತ್ತಿದ್ದ. ಅದಕ್ಕೆ ಮ್ಯಾಜಿಕ್ ಸ್ಪಾಂಜ್ ಅಂತ ಹೆಸರು. ಎದ್ದು ಆಡ್ತಿದ್ದೆವು. ಒಂದು ಸಲ ಸೆಕೆಂಡ್ ಹಾಫ್ ಪೂರ್ತಿ ಆಡಿದೀನಂತೆ, ನನಗೆ ಗೊತ್ತೇ ಇಲ್ಲ. ಕ್ಲಬ್ಬಿನಲ್ಲಿ ಆ ಕಥೆ ಹೇಳಿ ಎಲ್ಲರೂ ನಗ್ತಿದ್ದೆವು."

ಆ ಸುದ್ದಿ ಬಂದಮೇಲೆ ಡಿಗ್ರಿ ಅವರಿಗೆ ಬರೀ ಡಿಗ್ರಿಯಾಗಿ ಉಳಿಯಲಿಲ್ಲ. ಪ್ರತಿ ಪ್ರಬಂಧವೂ ತಲೆಯ ಪರೀಕ್ಷೆ. ಮಾರ್ಕ್ಸ್ ಒಂದೆರಡು ಕಡಿಮೆ ಬಂದರೆ ಬೆವರು. ಓದಿದ್ದು ಮರೆತುಹೋದರೆ ಅದು ಐವತ್ತೇಳರ ಮರೆವೋ, ಸ್ಕ್ರಮ್‌ನ ಮರೆವೋ? ಬೆಳಗ್ಗೆ ಐದಕ್ಕೆ ಎದ್ದು ಸ್ಕೂಲಿನ ಬಾಗಿಲು ತೆಗೆಯೋ ಕೆಲಸ ಮಾಡಿ ಸಂಜೆ ಓದಿದರೆ ಯಾರಿಗಾದರೂ ಮರೆಯುತ್ತೆ ಅಂದೆ. "ಅದನ್ನೇ ನಾನೂ ನನಗೆ ಹೇಳ್ಕೊಳ್ಳೋದು" ಅಂದರು.

"ಆಟದ ಮೇಲೆ ಸಿಟ್ಟು ಬರಲ್ವಾ?"

"ಬರುತ್ತೆ. ಶನಿವಾರ ಬಿಟ್ಟು ಉಳಿದ ಆರು ದಿನ."

ನಿಜ ಹೇಳಬೇಕು ಅಂದರೆ ನನಗೆ ಇದು ಆಗಲೂ ಪೂರ್ತಿ ಅರ್ಥವಾಗಲಿಲ್ಲ, ಈಗಲೂ ಇಲ್ಲ. ನನ್ನ ಮಗನನ್ನು ಈ ಆಟಕ್ಕೆ ಕಳಿಸ್ತೀನಾ ಅಂತ ಕೇಳಿದರೆ, ಬಹುಶಃ ಇಲ್ಲ. ಆದರೆ ಮಾರ್ಚ್‌ನ ಒಂದು ಭಾನುವಾರ ನಾನು ಅವರ ಜೊತೆ ಮೈದಾನಕ್ಕೆ ಹೋಗಿದ್ದೆ. ಹಳ್ಳಿ ಕ್ಲಬ್ಬಿನಲ್ಲಿ ಅವರು ಹುಡುಗರಿಗೆ ಕೋಚ್. ಪುಟ್ಟ ಮಕ್ಕಳದು ಬೀಳಿಸೋ ಆಟವೇ ಅಲ್ಲ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತುಕೊಳ್ಳೋದಷ್ಟೇ. ದೊಡ್ಡ ಹುಡುಗರ ಪಂದ್ಯದಲ್ಲಿ ಹದಿನಾಲ್ಕರ ಒಬ್ಬ ಬಿದ್ದು ಎದ್ದ, ಎರಡು ಹೆಜ್ಜೆ ಓಲಾಡಿದ, ಆಮೇಲೆ ಸರಿಯಾಗಿಯೇ ನಿಂತ. ಈಗಿನ ನಿಯಮ ಸ್ಪಷ್ಟ: ತಲೆಗೆ ಏಟಾಗಿದೆ ಅನ್ನೋ ಅನುಮಾನ ಬಂದರೂ ಸಾಕು, ಆಟಗಾರ ಹೊರಗೆ. ಓನರ್ ಅವನನ್ನು ಹೊರಗೆ ಕರೆದರು. ಸ್ಕೋರು ಸಮ ಇತ್ತು. ಹುಡುಗನ ಅಪ್ಪ ಗೆರೆಯ ಪಕ್ಕದಿಂದ ಕೂಗಾಡಿದ: ಅವನು ಚೆನ್ನಾಗೇ ಇದಾನೆ, ನಿಮ್ಮ ಕಾಲದಲ್ಲಿ ನೀವೇ ಆಡ್ತಿರಲಿಲ್ವಾ ಅಂತ.

ಓನರ್ ಅವನ ಹತ್ತಿರ ನಡೆದು ಹೋಗಿ ಕಿವಿಯ ಹತ್ತಿರ ಏನೋ ಹೇಳಿದರು. ಆತ ಸುಮ್ಮನಾದ. ಕಾರಿನಲ್ಲಿ ಏನು ಹೇಳಿದಿರಿ ಅಂತ ಕೇಳಿದೆ.

"ನಿನ್ನ ಹೆಸರೇನು ಅಂತ ಕೇಳಿದೆ. ಹತ್ತು ವರ್ಷದಿಂದ ಗೊತ್ತಿರೋನು ಅವನು. ನಿಜವಾಗಲೂ ನೆನಪಾಗಲಿಲ್ಲ."

ಹೆಂಡತಿಯ ಒತ್ತಾಯಕ್ಕೆ ಏಪ್ರಿಲ್‌ನಲ್ಲಿ ಮೆಮೊರಿ ಕ್ಲಿನಿಕ್‌ಗೆ ಹೋದರು. ಪ್ರಶ್ನೆ, ಚಿತ್ರ, ಸ್ಕ್ಯಾನ್ ಎಲ್ಲ ಆಯಿತು. ಸದ್ಯಕ್ಕೆ ರೋಗ ಅಂತ ಹೇಳೋ ಹಾಗಿಲ್ಲ, ಏನೂ ಇಲ್ಲ ಅಂತಲೂ ಈಗಲೇ ಹೇಳೋ ಹಾಗಿಲ್ಲ, ಒಂದು ವರ್ಷ ಬಿಟ್ಟು ಬನ್ನಿ ಅಂದರಂತೆ. ಮನೆಗೆ ಬಂದವರು ಕೋಟು ತೆಗೆದು, ನೇರ ಟೇಬಲ್‌ಗೆ ಹೋಗಿ ಲೈಬ್ರರಿ ಪ್ರಬಂಧದ ಮೂರನೇ ಅಧ್ಯಾಯ ತೆಗೆದರು. ಕಳಿಸೋಕೆ ಆರು ವಾರ ಇತ್ತು.

ಆ ಸಂಜೆ ನಾನು ಕಚಗುಳಿ ಇಡೋ ಮಾತು ಯಾವುದೂ ಆಡಲಿಲ್ಲ. ರೂಮಿಗೆ ಹೋಗಿ ಮುಕ್ತ ವಿಶ್ವವಿದ್ಯಾಲಯದ ವೆಬ್‌ಸೈಟ್ ತೆಗೆದು ಅಮ್ಮನಿಗೆ ಫೋನ್ ಮಾಡಿದೆ. ಊರಲ್ಲಿ ರಾತ್ರಿ ಹನ್ನೊಂದೂವರೆ. ಗಾಬರಿಯಾಗಿ ಎತ್ತಿಕೊಂಡರು. "ಪಿಯುಸಿ ಮಾರ್ಕ್ಸ್ ಕಾರ್ಡ್ ಎಲ್ಲಿದೆಯಮ್ಮ?" ಅಂದೆ.

"ಬೀರುವಿನಲ್ಲಿ, ರೇಷ್ಮೆ ಸೀರೆ ಕೆಳಗೆ" ಅಂದರು. ಯೋಚನೆ ಮಾಡಬೇಕಾಗಲಿಲ್ಲ ಅವರಿಗೆ.

ಬೇಸಿಗೆಯಲ್ಲಿ ಓನರ್ ರಿಸಲ್ಟ್ ಬಂತು. ಅಪ್ಪರ್ ಸೆಕೆಂಡ್ ಕ್ಲಾಸ್; ನಮ್ಮ ಲೆಕ್ಕದಲ್ಲಿ ಒಳ್ಳೇ ಫಸ್ಟ್ ಕ್ಲಾಸ್. ಲ್ಯಾಪ್‌ಟಾಪ್ ಪರದೆಯನ್ನು ಎರಡು ಸಲ ಓದಿ, ಹೆಂಡತಿ ಕೈಗೆ ಕೊಟ್ಟು ಮತ್ತೊಂದು ಸಲ ಓದಿಸಿದರು. ಆಮೇಲೆ ಹಳದಿ ಚೀಟಿಯ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸಿದರು: 'ಪಾಸಾಗಿದೀನಿ'.

ಅಕ್ಟೋಬರ್‌ನಲ್ಲಿ ನಾನು ವಾಪಸ್ ಬಂದೆ. ವೇಲ್ಸ್ ಮಾತ್ರ ಸೋಲ್ತಲೇ ಇತ್ತು. 2024ರ ಸಿಕ್ಸ್ ನೇಷನ್ಸ್‌ನಲ್ಲಿ ಐದಕ್ಕೆ ಐದು, 2025ರಲ್ಲಿ ಮತ್ತೆ ಐದಕ್ಕೆ ಐದು. ಒಟ್ಟು ಸತತ 18 ಟೆಸ್ಟ್ ಸೋಲು. ಪ್ರತಿ ಸೋಲಿಗೂ ವಾಟ್ಸ್ಯಾಪ್‌ನಲ್ಲಿ ಒಂದೇ ಪದ ಬರ್ತಿತ್ತು, ಇಂಗ್ಲಿಷ್ ಅಕ್ಷರದಲ್ಲಿ. ಎರಡನೇ ಸಲ ಕ್ಲಿನಿಕ್‌ಗೆ ಹೋಗಿ ಬಂದದ್ದನ್ನೂ ಹೇಳಿದರು: ಹೋದ ವರ್ಷ ಹೇಗಿತ್ತೋ ಹಾಗೇ ಇದೆಯಂತೆ, ಮತ್ತೆ ಬರಬೇಕಂತೆ.

2025ರ ಜುಲೈ 12, ಶನಿವಾರ. ನಾನು ಊರಿಗೆ ಬಂದಿದ್ದೆ. ಜಪಾನಿನ ಕೋಬೆಯಲ್ಲಿ ವೇಲ್ಸ್ 31–22ರಿಂದ ಗೆದ್ದಿತು. ಫೋನ್ ಟಿಣ್ ಅಂತು. "ಬಟ್, ನಿನ್ನ ಕಾಲುಗುನಾ ಮುಗೀತು" ಅಂತ ಓನರ್ ಮೆಸೇಜು. ಅದರ ಕೆಳಗೆ ಇನ್ನೊಂದು ಸಾಲು: "ಅಮ್ಮನ ಓದು ಹೇಗಿದೆ?"

ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು.

"ಆ ಮೊಟ್ಟೆ ಚೆಂಡಿನ ಆಟ ತಾನೇ? ಗೆದ್ದರಾ? ಒಳ್ಳೇದಾಯ್ತು ಬಿಡು. ಈಗ ಇಲ್ಲಿ ಬಾ, ಈ ಅಸೈನ್‌ಮೆಂಟ್ ಪೇಜು ಓಪನ್ನೇ ಆಗ್ತಿಲ್ಲ."